ಹೈಬ್ರಿಡ್ ಕಾರು ನಿಮ್ಮ ದಾರಿಗೆ ದುಡ್ಡು ಉಳಿಸುತ್ತದೆಯೇ? ಮಲೆನಾಡಿನವರು ಲೆಕ್ಕ ಹಾಕುವ ಬಗೆ

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು ಪೆಟ್ರೋಲ್ ಉಳಿಸುತ್ತದೆಯೇ ಎಂಬ ಪ್ರಶ್ನೆಗೂ ದುಡ್ಡು ಉಳಿಸುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ಒಂದೇ ಆಗಿರಬೇಕಿಲ್ಲ. ಮೊದಲನೆಯದಕ್ಕೆ ಬಹುಮಟ್ಟಿಗೆ ಹೌದು ಎನ್ನಬಹುದು. ಎರಡನೆಯದರ ಉತ್ತರ ನೀವು ತಿಂಗಳಿಗೆ ಎಷ್ಟು ಓಡಿಸುತ್ತೀರಿ, ಎಂಥ ರಸ್ತೆಯಲ್ಲಿ ಓಡಿಸುತ್ತೀರಿ, ಈಗ ಮನೆಯ ಮುಂದೆ ಯಾವ ಗಾಡಿ ನಿಂತಿದೆ ಎಂಬುದನ್ನು ಅವಲಂಬಿಸಿದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ದಿನಕ್ಕೆರಡು ಗಂಟೆ ನಿಲ್ಲುವವರಿಗೆ ಸರಿಹೊಂದುವ ಲೆಕ್ಕವನ್ನು ತೀರ್ಥಹಳ್ಳಿಯವರಾಗಲಿ ಸಾಗರದವರಾಗಲಿ ಹಾಗೆಯೇ ಎತ್ತಿಕೊಂಡರೆ ತಪ್ಪಾಗುತ್ತದೆ. ಆದ್ದರಿಂದ ನಿಮ್ಮ ಲೆಕ್ಕವನ್ನು ನೀವೇ ಹಾಕಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಹೈಬ್ರಿಡ್ ಯಾವುದೆಂದು ಕೇಳಿ

ಶೋರೂಮಿನಲ್ಲಿ ಎಲ್ಲರೂ ಮೊದಲು ಕೇಳುವುದು ಮೈಲೇಜನ್ನು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ಎಂಜಿನ್ ಪೂರ್ತಿ ನಿಂತಿರುವಾಗ ಬರೀ ವಿದ್ಯುತ್ ಮೋಟಾರಿನ ಬಲದಿಂದ ಈ ಗಾಡಿ ಮುಂದಕ್ಕೆ ಹೋಗುತ್ತದೆಯೇ? ಇಲ್ಲ ಎಂದಾದರೆ ಅದು ಮೈಲ್ಡ್ ಹೈಬ್ರಿಡ್. ಬೆಲ್ಟಿನ ಮೂಲಕ ಎಂಜಿನ್‌ಗೆ ಜೋಡಿಸಿದ ಸಣ್ಣ ಮೋಟಾರು ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಶುರು ಮಾಡುತ್ತದೆ, ವೇಗ ಹೆಚ್ಚಿಸುವಾಗ ತುಸು ಕೈಜೋಡಿಸುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ 2015ರಿಂದೀಚೆಗೆ ಇಂಥ ಅನೇಕ ಕಾರುಗಳು ಬಂದಿವೆ. ಶುರುವಿನಲ್ಲಿ ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳನ್ನು ಉತ್ತೇಜಿಸುವ ಕೇಂದ್ರ ಸರ್ಕಾರದ ಫೇಮ್ ಯೋಜನೆಯ ಸಹಾಯಧನವೂ ಇವಕ್ಕೆ ಸಿಗುತ್ತಿತ್ತು. 2017ರ ಏಪ್ರಿಲ್‌ನಿಂದ ಅದನ್ನು ನಿಲ್ಲಿಸಲಾಯಿತು. ಈ ಬಗೆಯಲ್ಲಿ ಉಳಿತಾಯ ಅಲ್ಪ, ಬೆಲೆಯ ವ್ಯತ್ಯಾಸವೂ ಅಲ್ಪ. ಹಿಂಬಾಗಿಲಿನ ಮೇಲೆ ಹೈಬ್ರಿಡ್ ಎಂದು ಬರೆದಿದ್ದರೂ ಸಾಮಾನ್ಯ ಪೆಟ್ರೋಲ್ ಕಾರೆಂದೇ ತಿಳಿದು ಲೆಕ್ಕ ಹಾಕುವುದು ಲೇಸು.

ಇಲ್ಲಿನ ಮಾತೆಲ್ಲ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಎಂಜಿನ್ ನಿಂತಿದ್ದರೂ ಬರೀ ಮೋಟಾರಿನ ಬಲದಿಂದ ಓಡಬಲ್ಲ ಗಾಡಿಯ ಕುರಿತದ್ದು. 1997ರಲ್ಲಿ ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಮೂಲಕ ಮಾರುಕಟ್ಟೆಗೆ ಬಂದ ಈ ತಂತ್ರ ನಮ್ಮ ಮಧ್ಯಮ ವರ್ಗದ ಕೈಗೆ ಎಟುಕತೊಡಗಿದ್ದು 2022ರಲ್ಲಿ, ಹೋಂಡಾ ಸಿಟಿ, ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಕಾರುಗಳ ಹೈಬ್ರಿಡ್ ಆವೃತ್ತಿಗಳು ಬಂದ ಮೇಲೆ. ಅದೇ ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಕೂಡ ಬಂತು. ಇವುಗಳಲ್ಲಿ ಉಳಿತಾಯ ಮೂರು ಕಡೆಯಿಂದ ಆಗುತ್ತದೆ. ಗಾಡಿ ನಿಂತಾಗ ಮತ್ತು ನಿಧಾನವಾಗಿ ತೆವಳುವಾಗ ಎಂಜಿನ್ ಬಂದ್ ಆಗಿರುತ್ತದೆ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹಾರಿಹೋಗುತ್ತಿದ್ದ ಶಕ್ತಿಯ ಒಂದು ಪಾಲನ್ನು ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ತುಂಬುತ್ತದೆ. ಮೂರನೆಯದನ್ನು ಮಾರಾಟಗಾರರು ಹೇಳುವುದೇ ಕಡಿಮೆ: ಹೊರಡುವಾಗಿನ ಎಳೆತಕ್ಕೆ ಮೋಟಾರಿನ ಆಸರೆ ಇರುವುದರಿಂದ ಎಂಜಿನ್ನನ್ನು ಅಟ್ಕಿನ್ಸನ್ ಆವರ್ತದಲ್ಲಿ, ಅಂದರೆ ಎಳೆತ ತುಸು ಕಡಿಮೆಯಾದರೂ ಇಂಧನವನ್ನು ಹೆಚ್ಚು ಪೂರ್ತಿಯಾಗಿ ಬಳಸಿಕೊಳ್ಳುವ ಕ್ರಮದಲ್ಲಿ ಓಡಿಸಬಹುದು. ಇಂಥ ಎಂಜಿನ್‌ಗಳು ಪೆಟ್ರೋಲಿನ ಶಾಖದಲ್ಲಿ ಶೇಕಡ 40ರ ಹತ್ತಿರದಷ್ಟನ್ನು ಕೆಲಸಕ್ಕೆ ಹಚ್ಚಬಲ್ಲವು.

ಕಾಗದದ ಮೈಲೇಜ್, ನಿಮ್ಮ ಮೈಲೇಜ್

ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳಿಗೆ ಕಂಪನಿ ಘೋಷಿಸಿರುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ಇದು ಸುಳ್ಳಲ್ಲ, ಆದರೆ ರಸ್ತೆಯ ಮೇಲಿನದ್ದೂ ಅಲ್ಲ. ಪ್ರಯೋಗಾಲಯದಲ್ಲಿ ಗಾಡಿಯನ್ನು ರೋಲರುಗಳ ಮೇಲೆ ನಿಲ್ಲಿಸಿ, ಎ.ಸಿ. ಹಾಕದೆ, ಗಂಟೆಗೆ 90 ಕಿ.ಮೀ. ಮೀರದ ನಿಗದಿತ ವೇಗಕ್ರಮದಲ್ಲಿ ಓಡಿಸಿ ಪಡೆದ ಅಂಕಿ ಅದು. ಆ ರೋಲರುಗಳಿಗೆ ಮಳೆ ಇಲ್ಲ, ದಿಣ್ಣೆ ಇಲ್ಲ, ಊರಿಗೆ ನಾಲ್ಕರಂತೆ ಹಂಪುಗಳೂ ಇಲ್ಲ. ನಿಜವಾದ ಬಳಕೆಯಲ್ಲಿ ಇವುಗಳ ಮಾಲೀಕರು ಸಾಮಾನ್ಯವಾಗಿ ಹೇಳುವುದು 20ರಿಂದ 24. ಲೆಕ್ಕಕ್ಕೆ 21 ಹಿಡಿದರೆ ಮೋಸವಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಈಗಿರುವ ಗಾಡಿಯ ನಿಜವಾದ ಮೈಲೇಜ್. ಅದನ್ನು ಡ್ಯಾಶ್‌ಬೋರ್ಡಿನ ಪರದೆ ನೋಡಿ ನಂಬಬೇಡಿ. ಪರದೆಯ ಅಂಕಿ ಬಹುತೇಕ ತುಸು ಉದಾರವಾಗಿಯೇ ಇರುತ್ತದೆ. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಟ್ಯಾಂಕ್ ಫುಲ್ ಮಾಡಿಸಿ. ನಾಝಲ್ ತಾನಾಗಿ ಟಕ್ ಎಂದು ನಿಂತ ಕೂಡಲೆ ಸಾಕು ಎನ್ನಿ. ಬಂಕಿನ ಹುಡುಗ ಅಭ್ಯಾಸಬಲದಿಂದ ರೌಂಡ್ ಫಿಗರ್ ಮಾಡಲು ಇನ್ನೆರಡು ಸಲ ಒತ್ತುತ್ತಾನೆ. ಆ ಎರಡು ಒತ್ತಿನಲ್ಲಿ ಹೋಗುವ ಅರ್ಧ ಲೀಟರು ಇಡೀ ಲೆಕ್ಕವನ್ನು ಕೆಡಿಸುತ್ತದೆ. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಟ್ಯಾಂಕ್ ಮುಕ್ಕಾಲು ಖಾಲಿಯಾಗುವವರೆಗೆ ಓಡಿಸಿ, ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ನಿಮ್ಮ ಅಂಕಿ ಸಿಗುತ್ತದೆ. ಇದನ್ನು ಬೇಸಿಗೆಯಲ್ಲಿ ಒಮ್ಮೆ, ಆಷಾಢದ ಮಳೆಯಲ್ಲಿ ಒಮ್ಮೆ ಮಾಡಬೇಕು. ಮಳೆಗಾಲದಲ್ಲಿ ಗಾಜಿನ ಮಂಜು ಬಿಡಿಸಲು ಎ.ಸಿ. ಓಡುತ್ತಲೇ ಇರುತ್ತದೆ, ನೀರು ನಿಂತ ರಸ್ತೆ ಚಕ್ರವನ್ನು ಹಿಡಿಯುತ್ತದೆ, ಗುಂಡಿ ತಪ್ಪಿಸುತ್ತ ಗೇರ್ ಇಳಿಸಿ ಏರಿಸುವುದು ಮುಗಿಯುವುದಿಲ್ಲ. ಎರಡೂ ಕಾಲದ ಅಂಕಿಗಳ ನಡುವೆ ಕಾಣುವ ಅಂತರ ಸಣ್ಣದಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲೀಟರಿಗೆ 10 ಕೊಡುತ್ತಿದ್ದ ಗಾಡಿಯನ್ನು ಬಿಟ್ಟು 15 ಕೊಡುವುದನ್ನು ತಂದರೆ 100 ಕಿ.ಮೀ.ಗೆ 3.3 ಲೀಟರು ಉಳಿಯುತ್ತದೆ. 20 ಕೊಡುತ್ತಿದ್ದದ್ದನ್ನು ಬಿಟ್ಟು 25 ಕೊಡುವುದನ್ನು ತಂದರೆ ಉಳಿಯುವುದು ಒಂದೇ ಲೀಟರು. ಹೆಚ್ಚಳ ಎರಡರಲ್ಲೂ ಐದೇ; ಉಳಿತಾಯ ಮೂರು ಪಟ್ಟಿಗಿಂತ ಹೆಚ್ಚು ಬೇರೆ. ಈಗಾಗಲೇ ಚೆನ್ನಾಗಿ ಮೈಲೇಜ್ ಕೊಡುತ್ತಿರುವ ಸಣ್ಣ ಕಾರಿನಿಂದ ಹೈಬ್ರಿಡ್‌ಗೆ ಹೋಗುವವರು ಪೆಟ್ರೋಲ್ ಖರ್ಚಿನಲ್ಲಿ ಬಹಳ ಇಳಿಕೆಯನ್ನು ನಿರೀಕ್ಷಿಸಬಾರದು.

ಹೆಚ್ಚುವರಿ ಬೆಲೆ ಎಷ್ಟು ಕಿ.ಮೀ.ಗೆ ತೀರುತ್ತದೆ

ಒಂದೇ ಕಾರಿನ ಸಾಮಾನ್ಯ ಆಟೋಮ್ಯಾಟಿಕ್ ಆವೃತ್ತಿಗೂ ಹೈಬ್ರಿಡ್ ಆವೃತ್ತಿಗೂ ಇರುವ ಬೆಲೆಯ ಅಂತರವನ್ನು ಆನ್‌ರೋಡ್ ಬೆಲೆಯಲ್ಲೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಇದು ಬಹಳ ಮುಖ್ಯ. ನಮ್ಮಲ್ಲಿ ಕಾರಿನ ಆಜೀವ ತೆರಿಗೆ 10ರಿಂದ 20 ಲಕ್ಷದವರೆಗೆ ಶೇಕಡ 17, ಅದಕ್ಕಿಂತ ಮೇಲೆ 18, ತೆರಿಗೆಯ ಮೇಲೆ ಸೆಸ್ ಬೇರೆ. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ಮನ್ನಾ ಮಾಡಿತು. ಅಲ್ಲಿನ ಲೆಕ್ಕ ತೋರಿಸುವ ವೀಡಿಯೊ ನೋಡಿ ಶಿವಮೊಗ್ಗದಲ್ಲಿ ಗಾಡಿ ಬುಕ್ ಮಾಡಬಾರದು. ಜಿ.ಎಸ್.ಟಿ.ಯಲ್ಲೂ ದೊಡ್ಡ ರಿಯಾಯಿತಿಯೇನಿಲ್ಲ: 2025ರ ಸೆಪ್ಟೆಂಬರ್ 22ರಿಂದ ಹೈರೈಡರ್ ಗಾತ್ರದ ಪೆಟ್ರೋಲ್ ಕಾರಿಗೂ ಹೈಬ್ರಿಡ್‌ಗೂ ಶೇಕಡ 40, ಪೂರ್ಣ ವಿದ್ಯುತ್ ಕಾರಿಗೆ ಮಾತ್ರ 5.

ಎಕ್ಸ್‌ಶೋರೂಂ ಅಂತರ 2 ಲಕ್ಷ ರೂಪಾಯಿ ಎಂದುಕೊಳ್ಳೋಣ. ತೆರಿಗೆ, ಸೆಸ್, ವಿಮೆ ಸೇರಿ ಅದು ಆನ್‌ರೋಡ್‌ನಲ್ಲಿ ಸುಮಾರು 2.5 ಲಕ್ಷವಾಗುತ್ತದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿಯೋಣ. ನಿಮ್ಮ ಊರಿನ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಪೆಟ್ರೋಲ್ ದರವನ್ನು ಹಳೆಯ ಮೈಲೇಜಿನಿಂದ ಭಾಗಿಸಿ, ಹೊಸ ಮೈಲೇಜಿನಿಂದಲೂ ಭಾಗಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಪ್ರತಿ ಕಿ.ಮೀ.ಗೆ ಉಳಿಯುವ ಹಣ ಸಿಗುತ್ತದೆ. ಹೆಚ್ಚುವರಿ ಬೆಲೆಯನ್ನು ಅದರಿಂದ ಭಾಗಿಸಿದರೆ ಎಷ್ಟು ಕಿ.ಮೀ. ಓಡಿದ ಮೇಲೆ ಬೆಲೆ ತೀರುತ್ತದೆ ಎಂಬುದು ಗೊತ್ತಾಗುತ್ತದೆ.

ಊರು, ಹಳ್ಳಿ, ಹೆದ್ದಾರಿ ಎಲ್ಲ ಬೆರೆತ ಓಡಾಟದಲ್ಲಿ ಸಾಮಾನ್ಯ ಕಾರು 14, ಹೈಬ್ರಿಡ್ 21 ಕೊಟ್ಟರೆ ಕಿ.ಮೀ.ಗೆ ಉಳಿಯುವುದು 2.45 ರೂಪಾಯಿ. 2.5 ಲಕ್ಷ ತೀರಲು 1,02,000 ಕಿ.ಮೀ. ಬೇಕು. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಇದು ಎಂಟೂವರೆ ವರ್ಷ. 2,500 ಓಡಿಸುವವರಿಗೆ ಮೂರೂವರೆ ವರ್ಷಕ್ಕೂ ಕಡಿಮೆ. ಬರೀ ಊರೊಳಗಿನ ಓಡಾಟವಾಗಿ ಸಾಮಾನ್ಯ ಕಾರು 11ಕ್ಕೆ ಇಳಿದರೆ ಉಳಿತಾಯ 4.46 ರೂಪಾಯಿಗೆ ಏರುತ್ತದೆ, 56,000 ಕಿ.ಮೀ.ಗೇ ಬೆಲೆ ತೀರುತ್ತದೆ. ಅದೇ ಹೆದ್ದಾರಿಯಲ್ಲೇ ಓಡುವ ಗಾಡಿಯಾಗಿ ಸಾಮಾನ್ಯ ಕಾರೂ 17 ಕೊಡುತ್ತಿದ್ದರೆ ಉಳಿತಾಯ 1.15 ರೂಪಾಯಿಗೆ ಕುಸಿದು, ಬೆಲೆ ತೀರಲು 2,16,000 ಕಿ.ಮೀ. ಆಚೆಗೆ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಗಾಡಿಯನ್ನೇ ಬದಲಿಸುವ ಕಾಲ ಬಂದಿರುತ್ತದೆ.

ಸಾಲ ಮಾಡಿ ಕೊಳ್ಳುವವರಿಗೆ ಇನ್ನೂ ನೇರವಾದ ಪರೀಕ್ಷೆಯೊಂದಿದೆ. ಆ ಹೆಚ್ಚುವರಿ 2.5 ಲಕ್ಷಕ್ಕೆ ಶೇಕಡ 9ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 5,190 ರೂಪಾಯಿ ಬರುತ್ತದೆ. ಬೆರಕೆ ಓಡಾಟದಲ್ಲಿ ಅಷ್ಟು ಹಣ ಪೆಟ್ರೋಲಿನಲ್ಲಿ ಉಳಿಯಬೇಕಾದರೆ ತಿಂಗಳಿಗೆ 2,100 ಕಿ.ಮೀ. ಓಡಿಸಬೇಕು. ಕೈಯಲ್ಲಿರುವ ಹಣ ಕೊಟ್ಟು ಕೊಳ್ಳುವವರೂ ಬಡ್ಡಿಯನ್ನು ಮರೆಯಬಾರದು: 2.5 ಲಕ್ಷವನ್ನು ಶೇಕಡ 6.5ಕ್ಕೆ ಠೇವಣಿ ಇಟ್ಟರೆ ವರ್ಷಕ್ಕೆ 16,250 ರೂಪಾಯಿ ಬರುತ್ತದೆ, ತಿಂಗಳಿಗೆ 1,000 ಕಿ.ಮೀ. ಓಡಿಸುವವರ ವರ್ಷದ ಉಳಿತಾಯ 29,400. ನಿಜವಾದ ಲಾಭ ಇವೆರಡರ ನಡುವಿನ ಅಂತರವಷ್ಟೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ತಿಂಗಳಲ್ಲಿ ಈ ಬಡ್ಡಿಯ ಮಾತು ಯಾರಿಗೂ ನೆನಪಾಗುವುದಿಲ್ಲ ಎಂಬುದೂ ನಿಜ.

ಡೀಸೆಲ್ ಗಾಡಿಯೊಂದಿಗೆ ಹೋಲಿಸುವವರಿಗೆ ಉತ್ತರ ಬೇಗ ಸಿಗುತ್ತದೆ. ಡೀಸೆಲ್ 91 ರೂಪಾಯಿ, ಮೈಲೇಜ್ 17 ಎಂದರೆ ಕಿ.ಮೀ.ಗೆ 5.35, ಹೈಬ್ರಿಡ್‌ಗೆ 4.90. ಉಳಿಯುವುದು 45 ಪೈಸೆ. ಇರುವ ಡೀಸೆಲ್ ಗಾಡಿ ಗಟ್ಟಿಯಾಗಿದ್ದರೆ ಇಂಧನ ಉಳಿಸುವ ನೆಪದಲ್ಲಿ ಅದನ್ನು ಮಾರಬೇಕಾಗಿಲ್ಲ.

ಘಾಟಿ ಮತ್ತು ದಿಣ್ಣೆ

ಮಲೆನಾಡಿನಲ್ಲಿ ಇಳಿಜಾರು ಹೇರಳ, ಇಳಿಯುವಾಗ ಬ್ಯಾಟರಿ ತುಂಬುತ್ತದೆ, ಹಾಗಾಗಿ ಹೈಬ್ರಿಡ್‌ಗೆ ಇದೇ ತಕ್ಕ ನಾಡು ಎಂಬ ಮಾತು ಕೇಳಲು ಚೆನ್ನಾಗಿದೆ. ಅದನ್ನು ಅಂಕಿಯಲ್ಲಿ ಪರೀಕ್ಷಿಸಿ ನೋಡಬಹುದು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ಸುಮಾರು 500 ಮೀಟರ್ ಕೆಳಗಿಳಿಯುತ್ತದೆ. ಜನ ಕುಳಿತ ಕಾರಿನ ತೂಕ 1,500 ಕಿಲೋ ಎಂದರೆ ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಎರಡು ಯೂನಿಟ್ ವಿದ್ಯುತ್ತಿಗೆ ಸಮ. ಚಕ್ರದ ತಿಕ್ಕಾಟ, ಗಾಳಿ ಇವೆಲ್ಲ ಅದರಲ್ಲಿ ಕಾಲು ಭಾಗವನ್ನು ತಿಂದರೂ ಒಂದೂವರೆ ಯೂನಿಟ್ ಉಳಿಯುತ್ತದೆ. ಆದರೆ ಹೈರೈಡರ್‌ನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 0.76 ಯೂನಿಟ್, ಬಾಳಿಕೆಯ ದೃಷ್ಟಿಯಿಂದ ಅದನ್ನು ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ. ಸೂರಿನ ನೀರಿಗೆ ಇಟ್ಟ ಕೊಡದ ಹಾಗೆ, ತುಂಬಿದ ಮೇಲೆ ಸುರಿದದ್ದೆಲ್ಲ ಅಂಗಳಕ್ಕೆ. ಪರದೆಯಲ್ಲಿ ಚಕ್ರದಿಂದ ಬ್ಯಾಟರಿಯ ಕಡೆಗೆ ಹರಿಯುವ ಬಾಣವನ್ನು ಗಮನಿಸುತ್ತ ಇಳಿದರೆ, ಮೊದಲ ಕೆಲವು ತಿರುವುಗಳಲ್ಲಿ ಬ್ಯಾಟರಿಯ ಪಟ್ಟಿಗಳು ಒಂದೊಂದಾಗಿ ಏರಿ, ಅರ್ಧ ಘಾಟಿಗೆ ಮುಂಚೆಯೇ ಮೇಲಿನ ಪಟ್ಟಿ ಮುಟ್ಟುತ್ತವೆ. ಆಮೇಲೆ ಎಂಜಿನ್ ಪೆಟ್ರೋಲಿಲ್ಲದೆ ಗುಂಯ್‌ಗುಡುತ್ತ ತಿರುಗುವ ಸದ್ದು ಕೇಳಿಸುತ್ತದೆ. ಹೆಚ್ಚಾದ ಶಕ್ತಿಯನ್ನು ಗಾಡಿ ಹಾಗೆ ಕಳೆಯುತ್ತಿರುತ್ತದೆ. ಅದು ದೋಷವಲ್ಲ.

ಆ ಸಂಗ್ರಹದ ಬೆಲೆ ಎಷ್ಟು? ಒಂದು ಲೀಟರ್ ಪೆಟ್ರೋಲಿನಿಂದ ಎಂಜಿನ್‌ಗೆ ದಕ್ಕುವ ಕೆಲಸ ಸುಮಾರು ಮೂರು ಯೂನಿಟ್. ಬ್ಯಾಟರಿಯಲ್ಲಿ 0.4 ಯೂನಿಟ್ ಕೂಡಿದರೂ ಅದು 13–14 ರೂಪಾಯಿಯ ಪೆಟ್ರೋಲು, ಒಂದು ಚಹಾದ ದುಡ್ಡು. ಮೇಲಾಗಿ ಗೇರಿನಲ್ಲಿಟ್ಟು ಘಾಟಿ ಇಳಿಯುವ ಇಂದಿನ ಸಾಮಾನ್ಯ ಕಾರೂ ಇಂಧನವನ್ನು ತಾನಾಗಿ ನಿಲ್ಲಿಸಿಕೊಳ್ಳುತ್ತದೆ. ಇನ್ನು ಮೇಲೆ ಹತ್ತುವಾಗ ಬ್ಯಾಟರಿ ಬೇಗ ಬರಿದಾಗುತ್ತದೆ. ಉಳಿದ ತಿರುವುಗಳನ್ನೆಲ್ಲ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ನೇ ಏದುಸಿರು ಬಿಡುತ್ತ ಹತ್ತಿಸಬೇಕು. ವಾರಕ್ಕೊಮ್ಮೆ ಮಣಿಪಾಲದ ಆಸ್ಪತ್ರೆಗೋ ಉಡುಪಿಗೋ ಹೋಗಿಬರುವವರು ಘಾಟಿಯ ಹೆಸರಿನಲ್ಲಿ ಹೈಬ್ರಿಡ್ ಕೊಳ್ಳಬೇಕಿಲ್ಲ. ಹುಲಿಕಲ್ ಘಾಟಿಗೂ ಕೊಲ್ಲೂರು ಘಾಟಿಗೂ ಇದೇ ಮಾತು. ಇಳಿಯುವಾಗ ಗೇರ್ ಸನ್ನೆಯಲ್ಲಿ ‘ಬಿ’ ಸ್ಥಾನವಿದ್ದರೆ ಅದನ್ನು ಬಳಸಿ. ಬ್ರೇಕ್ ಕಾಯುವುದು ತಪ್ಪುತ್ತದೆ.

ನಿಜವಾದ ಲಾಭ ದೊಡ್ಡ ಘಾಟಿಯಲ್ಲಿಲ್ಲ, ಸಣ್ಣ ದಿಣ್ಣೆಗಳಲ್ಲಿದೆ. 25 ಮೀಟರ್ ಎತ್ತರದ ಒಂದು ಇಳಿತದಲ್ಲಿ ಸಿಗುವುದು 0.1 ಯೂನಿಟ್, ಅಷ್ಟನ್ನು ಬ್ಯಾಟರಿ ಸಲೀಸಾಗಿ ಹಿಡಿದುಕೊಂಡು ಮುಂದಿನ ಏರಿಗೆ ಕೊಡುತ್ತದೆ. ಶಿವಮೊಗ್ಗದಿಂದ ಮಂಡಗದ್ದೆ ಮಾರ್ಗವಾಗಿ ತೀರ್ಥಹಳ್ಳಿಗೆ, ಅಲ್ಲಿಂದ ಕೊಪ್ಪ, ಶೃಂಗೇರಿಗೆ ಹೋಗುವ ರಸ್ತೆಗಳು ಹೀಗೆಯೇ ಇವೆ: ಏರು, ತಗ್ಗು, ತಿರುವು, ಊರು ಬಂದಲ್ಲಿ ಹಂಪು, ಬಸ್ಸಿನ ಹಿಂದೆ ನಿಧಾನ, ಮತ್ತೆ ವೇಗ. ಗಂಟೆಗೆ 40ರಿಂದ 60 ಕಿ.ಮೀ. ನಡುವಿನ ಈ ಓಟದಲ್ಲಿ ಎಂಜಿನ್ ಆಗಾಗ ತಾನಾಗಿ ಬಂದ್ ಆಗುತ್ತಿರುತ್ತದೆ. ದಿನವೂ ಇಂಥ ರಸ್ತೆಯಲ್ಲಿ ಓಡಾಡುವ ಶಿಕ್ಷಕರು, ಬ್ಯಾಂಕಿನವರು, ಔಷಧ ಕಂಪನಿಯ ಪ್ರತಿನಿಧಿಗಳು ಹೈಬ್ರಿಡ್ ಬಗ್ಗೆ ಗಂಭೀರವಾಗಿ ಯೋಚಿಸಬಹುದು.

ಶಿವಮೊಗ್ಗ ನಗರದೊಳಗೆ ಗೋಪಿ ವೃತ್ತ, ಗಾಂಧಿ ಬಜಾರು, ಶಾಲೆ ಬಿಡುವ ಹೊತ್ತಿನ ದುರ್ಗಿಗುಡಿಯ ಓಡಾಟವೂ ಹೈಬ್ರಿಡ್‌ಗೆ ಒಗ್ಗುತ್ತದೆ. ಆದರೆ ಮನೆಯಿಂದ ಮಾರುಕಟ್ಟೆಗೆ ಎರಡು ಕಿ.ಮೀ. ಹೋಗಿ, ಗಾಡಿ ತಣ್ಣಗಾದ ಮೇಲೆ ಮರಳಿ ಬರುವುದಷ್ಟೇ ನಿಮ್ಮ ಓಡಾಟವಾದರೆ ಫಲ ಕಡಿಮೆ, ಏಕೆಂದರೆ ತಣ್ಣಗಿನ ಎಂಜಿನ್ ತನ್ನನ್ನೂ ಹೊಗೆ ಶುದ್ಧಿಯ ಕನ್ವರ್ಟರನ್ನೂ ಬಿಸಿ ಮಾಡಿಕೊಳ್ಳಲು ಬ್ಯಾಟರಿ ತುಂಬಿದ್ದರೂ ಓಡುತ್ತದೆ. ಅಂಥವರ ಮನೆಯಲ್ಲಿ ಚಾರ್ಜಿಂಗ್‌ಗೆ ಜಾಗವಿದ್ದರೆ ಓಡಿಸುವ ಖರ್ಚಿನಲ್ಲಿ ವಿದ್ಯುತ್ ಕಾರೇ ಅಗ್ಗ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಕಿ.ಮೀ.ಗೆ ಒಂದು ರೂಪಾಯಿಯ ಆಸುಪಾಸು. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಬಾರದ ತೋಟದ ಮನೆಯವರಿಗೆ ಮಾತ್ರ, ಪ್ಲಗ್ಗಿನ ಹಂಗಿಲ್ಲದ ಹೈಬ್ರಿಡ್ ಹೆಚ್ಚು ನೆಮ್ಮದಿ.

ಕೊಳ್ಳುವ ಮುನ್ನ ನೋಡಬೇಕಾದ ಉಳಿದವು

ಬ್ಯಾಟರಿ ಸತ್ತರೆ ಗತಿಯೇನು ಎಂಬ ಭಯ ಎಲ್ಲರಿಗೂ ಇದೆ. ಟೊಯೊಟಾ ಮತ್ತು ಮಾರುತಿ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದರಲ್ಲಿ ಎಷ್ಟು ಉಳಿದಿದೆ ಎಂಬುದನ್ನೂ, ಸರ್ವೀಸ್ ದಾಖಲೆಯನ್ನೂ ನೋಡಿಯೇ ಬೆಲೆ ಮಾತಾಡಬೇಕು. ರಿಪೇರಿಯಲ್ಲಿ ಸ್ವಲ್ಪ ಉಳಿತಾಯವೂ ಇದೆ: ಘಾಟಿಯಲ್ಲಿ ಸವೆಯುವ ಕ್ಲಚ್ ಪ್ಲೇಟ್ ಇಲ್ಲಿಲ್ಲ, ಬ್ರೇಕ್ ಪ್ಯಾಡ್ ಹೆಚ್ಚು ಕಾಲ ಬರುತ್ತದೆ.

ಬ್ಯಾಟರಿಯನ್ನು ತಂಪಾಗಿಡುವ ಗಾಳಿಕಿಂಡಿ ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನ ಬಳಿ ಇರುತ್ತದೆ. ಅದರ ಮೇಲೆ ಗೊಬ್ಬರದ ಚೀಲ, ಅಡಿಕೆ ಮೂಟೆ ಒರಗಿಸಬಾರದು, ಧೂಳು ಕಟ್ಟಲೂ ಬಿಡಬಾರದು. ತೋಟದ ಮನೆಗಳಲ್ಲಿ ಇಲಿ ವೈರು ಕಡಿಯುವುದು ಹೊಸದಲ್ಲ. ಹೈಬ್ರಿಡ್‌ನಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳು ಹೆಚ್ಚಿನ ವೋಲ್ಟೇಜಿನವಾದ್ದರಿಂದ ಊರಿನ ಗ್ಯಾರೇಜಿನಲ್ಲಿ ಟೇಪು ಸುತ್ತಿಸಿ ಸಾಗಿಸುವ ಹಾಗಿಲ್ಲ. ಸಾಮಾನ್ಯ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಇದರಲ್ಲಿರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ಶೆಡ್ಡಿನಲ್ಲೇ ನಿಂತರೆ ಅದು ಇಳಿದು, ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಆಗಾಗ ಗಾಡಿಯನ್ನು ಆನ್ ಮಾಡಿ ‘ರೆಡಿ’, ಅಂದರೆ ಹೊರಡಲು ಸಿದ್ಧ, ಎಂಬ ಸ್ಥಿತಿಗೆ ತಂದು ಅರ್ಧ ಗಂಟೆ ಬಿಡಿ. ಕೆಸರು ದಾರಿಯ ತೋಟದವರು ಇನ್ನೊಂದನ್ನು ತಿಳಿದಿರಬೇಕು: ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಎಳೆಯುವುದು ಮುಂದಿನ ಎರಡು ಚಕ್ರಗಳು ಮಾತ್ರ. ಬ್ಯಾಟರಿಯಿಂದಾಗಿ ಇವುಗಳ ಡಿಕ್ಕಿಯ ಜಾಗವೂ ಕಡಿಮೆ.

ಟೆಸ್ಟ್ ಡ್ರೈವನ್ನು ಶೋರೂಮಿನ ಸುತ್ತ ಒಂದು ಸುತ್ತಿಗೆ ಮುಗಿಸಬೇಡಿ. ಗಾಜನೂರಿನವರೆಗಾದರೂ ಹೋಗಿಬರಲು ಕೇಳಿ, ಮನೆಯವರನ್ನೆಲ್ಲ ಕೂರಿಸಿಕೊಳ್ಳಿ, ಎ.ಸಿ. ಹಾಕಿ, ಹೊರಡುವಾಗ ಟ್ರಿಪ್ ಮೀಟರನ್ನು ನೀವೇ ಸೊನ್ನೆ ಮಾಡಿ. ಹೋಗುವಾಗಿನ ಮೈಲೇಜನ್ನೂ ಬರುವಾಗಿನದನ್ನೂ ಬೇರೆ ಬೇರೆಯಾಗಿ ಬರೆದುಕೊಂಡು ಸರಾಸರಿ ತೆಗೆಯಿರಿ, ಪರದೆಯ ಉದಾರತನಕ್ಕೆ ಒಂದು ಕಿ.ಮೀ. ಕಳೆಯಿರಿ, ಮೇಲಿನ ಲೆಕ್ಕದಲ್ಲಿ 21ರ ಜಾಗಕ್ಕೆ ಆ ಅಂಕಿಯನ್ನು ಹಾಕಿ. ಮಾರಾಟಗಾರ ಆನ್‌ರೋಡ್ ಬೆಲೆಯ ಎರಡೂ ಚೀಟಿಗಳನ್ನು, ಸಾಮಾನ್ಯ ಆವೃತ್ತಿಯದ್ದನ್ನೂ ಹೈಬ್ರಿಡ್‌ನದ್ದನ್ನೂ, ಒಟ್ಟಿಗೆ ಕೊಡುವವರೆಗೆ ಬುಕಿಂಗ್ ಹಣ ಕಟ್ಟಬೇಡಿ.